ಬಿಸಿ ಕಾಫಿ ಇಲ್ಲದ ಐವತ್ತನಾಲ್ಕು ದಿನ

ನಮ್ಮ ಅಪ್ಪಯ್ಯನಿಗೆ ಎಪ್ಪತ್ತಾರು ವರ್ಷ. ಕುಂದಾಪುರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಾ ರಾತ್ರಿ ಶಾಲೆಯಲ್ಲಿ ಓದಿದವರು. ಮುಂದೆ ಅದೇ ಹೋಟೆಲಿನ ಕಾಫಿ ಕೌಂಟರಿನಲ್ಲಿ ಮೂವತ್ತೊಂದು ವರ್ಷ ನಿಂತರು. ಈಗ ಮುಲುಂಡಿನಲ್ಲಿ ನಮ್ಮ ಜೊತೆ ಇದ್ದಾರೆ. ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಬೇಕು, ಅದೂ ತುಟಿಗೆ ಚುರುಕ್ಕೆನ್ನುವಷ್ಟು ಬಿಸಿ. ಆರಿದ ಕಾಫಿ ಕೊಟ್ಟರೆ ಏನೂ ಹೇಳುವುದಿಲ್ಲ, ಲೋಟವನ್ನು ಹಾಗೆಯೇ ಕೆಳಗಿಟ್ಟು ಪತ್ರಿಕೆ ತೆರೆಯುತ್ತಾರೆ.

ಅಂಥವರಿಗೆ 2025ರ ಏಪ್ರಿಲ್ 2ರಂದು ಹಲ್ಲಿನ ವೈದ್ಯರು ಬಿಸಿಯನ್ನು ನಿಲ್ಲಿಸಿಬಿಟ್ಟರು. ಮತ್ತೆ ಬಿಸಿ ಕಾಫಿ ಕುಡಿದದ್ದು ಮೇ 26ಕ್ಕೆ. ನಡುವಿನ ಐವತ್ತನಾಲ್ಕು ದಿನಗಳಲ್ಲಿ ಮನೆಯಲ್ಲೇ ತಣ್ಣನೆಯ ಕಾಫಿ ಮಾಡಲು ಕಲಿತೆ. ಕಲಿಯುವ ದಾರಿಯಲ್ಲಿ ಅವರಿಗೆ ನೋವನ್ನೂ ಕೊಟ್ಟೆ. ಮನೆಯಲ್ಲಿ ಹಿರಿಯರಿಗೆ ಹಲ್ಲು ಕೀಳಿಸುವುದಿದ್ದರೆ, ಅಥವಾ ಯಂತ್ರ ಗಿಂತ್ರ ಏನೂ ಇಲ್ಲದೆ ನಮ್ಮ ಹಿತ್ತಾಳೆ ಫಿಲ್ಟರಿನಲ್ಲೇ ಐಸ್ ಕಾಫಿ ಮಾಡಬೇಕೆಂದಿದ್ದರೆ, ಇದು ನಿಮಗೆ ನೆರವಾದೀತು.

ಮೊದಲು ಆಸ್ಪತ್ರೆಯ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಪ್ಪಯ್ಯನ ಬಾಯಲ್ಲಿ ಉಳಿದಿದ್ದ ಹಲ್ಲು ಹನ್ನೊಂದು. ಎಲ್ಲವೂ ಅಲುಗಾಡುತ್ತಿದ್ದವು. ಎಲ್ಲವನ್ನೂ ಕಿತ್ತು, ಒಸಡು ಗಟ್ಟಿಯಾದ ಮೇಲೆ ಹಲ್ಲಿನ ಸೆಟ್ಟು ಕೂರಿಸುವುದೆಂದು ತೀರ್ಮಾನವಾಯಿತು. ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಹೃದಯದ ವೈದ್ಯರ ಪತ್ರ, ಇಸಿಜಿ, ರಕ್ತ ಪರೀಕ್ಷೆಯ ವರದಿ ಎಲ್ಲ ಕೈಗೆ ಬರುವವರೆಗೆ ಹಲ್ಲಿನ ವೈದ್ಯರು ಇಕ್ಕಳ ಮುಟ್ಟಲಿಲ್ಲ. ಅದಕ್ಕೇ ಹದಿನೈದು ದಿನ ಹಿಡಿಯಿತು. ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು. ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಹೃದಯದ ವೈದ್ಯರೇ ಹೇಳಬೇಕು. ನಾಲ್ಕು ಕಂತಿನಲ್ಲಿ ಹಲ್ಲು ಕೀಳುವುದು, ಗಾಯ ಮಾಯುವವರೆಗೆ ಬಿಸಿ, ಖಾರ, ಗಟ್ಟಿ ಪದಾರ್ಥ ಬೇಡ ಎಂದರು. ಕಾಫಿ ಕೇಳಿದ್ದಕ್ಕೆ, ಒಂದು ದಿನ ಕಳೆದ ಮೇಲೆ ಉಗುರುಬೆಚ್ಚಗಿನದು ಆಗಬಹುದು, ತಣ್ಣಗಿನದಾದರೆ ಇನ್ನೂ ಹಿತ, ದಿನಕ್ಕೆ ಎರಡೇ ಲೋಟ ಎಂದರು.

ಉಗುರುಬೆಚ್ಚಗಿನ ಕಾಫಿಯನ್ನು ಅಪ್ಪಯ್ಯ ಮುಟ್ಟುವುದಿಲ್ಲ. ಉಳಿದದ್ದು ತಣ್ಣಗಿನದು.

ಏಪ್ರಿಲ್ 3ರ ಮಧ್ಯಾಹ್ನ ಬೆಳಗ್ಗೆ ಉಳಿದಿದ್ದ ಕಾಫಿಗೆ ನಾಲ್ಕು ತುಂಡು ಐಸ್ ಹಾಕಿ ಕೊಟ್ಟೆ. ಅವರು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ನಾನೂ ರುಚಿ ನೋಡಿದೆ. ನೀರು ನೀರು, ಅದರ ಹಿಂದೆ ಬಂಗುಡೆಯ ವಾಸನೆ! ನಮ್ಮ ಫ್ರೀಜರಿನಲ್ಲಿ ಮೀನು ಇಲ್ಲದ ದಿನವಿಲ್ಲ. ತೆರೆದ ಟ್ರೇಯಲ್ಲಿ ನೀರು ಹೆಪ್ಪುಗಟ್ಟುವಾಗ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಬರಿಯ ನೀರಿನಲ್ಲಿ ಗೊತ್ತಾಗದ್ದು ಹಾಲು ಬೆರೆತ ಕಾಫಿಯಲ್ಲಿ ಎದ್ದು ಬರುತ್ತದೆ. ಅಂದೇ ಸಂಜೆ ಮುಚ್ಚಳವಿರುವ ಸಿಲಿಕೋನ್ ಟ್ರೇ ತಂದೆ, 260 ರೂಪಾಯಿ. ಮೀನನ್ನು ಎರಡು ಡಬ್ಬಿಯೊಳಗೆ ಸೇರಿಸಿ ಕೆಳಗಿನ ಖಾನೆಗೆ ಸರಿಸಿದೆ. ನೀವು ಬೇರೇನನ್ನೂ ಕೊಳ್ಳದಿದ್ದರೂ ಮುಚ್ಚಳವಿರುವ ಟ್ರೇ ಒಂದನ್ನು ಕೊಳ್ಳಿ.

ಮರುದಿನ ಬಿಸಿ ಡಿಕಾಕ್ಷನ್ನನ್ನು ನೇರವಾಗಿ ಐಸಿನ ಮೇಲೆ ಸುರಿದೆ. ಜಪಾನಿನಲ್ಲಿ ಹೀಗೆಯೇ ಮಾಡುತ್ತಾರೆ, ಥಟ್ಟನೆ ತಣ್ಣಗಾಗುವುದರಿಂದ ಪರಿಮಳ ಹಾರಿಹೋಗುವುದಿಲ್ಲ ಎಂದು ಓದಿದ್ದೆ. ಆದರೆ ನಾನು ಸುರಿದದ್ದು ಗಾಜಿನ ಲೋಟಕ್ಕೆ. ಟಪ್ಪೆಂದು ಸೀಳಿ, ಡಿಕಾಕ್ಷನ್ ಕಟ್ಟೆಯ ಮೇಲೆಲ್ಲ ಹರಿಯಿತು. ಎರಡನೆಯ ಸಲ ಸ್ಟೀಲಿನ ಚೊಂಬಿಗೆ ಸುರಿದೆ. ಲೋಟ ಒಡೆಯಲಿಲ್ಲ, ಐಸ್ ಉಳಿಯಲೂ ಇಲ್ಲ. ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ: ನೂರು ಗ್ರಾಂ ಬಿಸಿ ಡಿಕಾಕ್ಷನ್ ತಣ್ಣಗಾಗುವಷ್ಟರಲ್ಲಿ ಹೆಚ್ಚುಕಡಿಮೆ ನೂರು ಗ್ರಾಂ ಐಸ್ ಕರಗಿ ಹೋಗಿತ್ತು. ಶಾಲೆಯಲ್ಲಿ ಓದಿದ ಲೆಕ್ಕವೇ ಅದು. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಶಾಖ ಬೇಕು; ತೊಂಬತ್ತು ಡಿಗ್ರಿಯ ಡಿಕಾಕ್ಷನ್ನಿನಲ್ಲಿ ಗ್ರಾಮಿಗೆ ಸುಮಾರು ಅಷ್ಟೇ ಶಾಖ ಇರುತ್ತದೆ. ಅಂದರೆ ಡಿಕಾಕ್ಷನ್ ಎಷ್ಟೋ ಅಷ್ಟೇ ನೀರು ಅದಕ್ಕೆ ಸೇರುತ್ತದೆ. ಅದೇ ಡಿಕಾಕ್ಷನ್ ಮೊದಲೇ ಆರಿ ಮೂವತ್ತು ಡಿಗ್ರಿಗೆ ಬಂದಿದ್ದರೆ ಮೂರನೆಯ ಒಂದು ಪಾಲು ಐಸ್ ಸಾಕು. ಮನೆಯಲ್ಲಿ ಮಾಡಿದ ಐಸ್ ಕಾಫಿ ನೀರಾಗುವುದಕ್ಕೆ ಪುಡಿ ಕಡಿಮೆಯಾದದ್ದೇ ಕಾರಣವೆಂದು ನಾನು ಇಷ್ಟು ವರ್ಷ ತಿಳಿದಿದ್ದೆ.

ಮೂರನೆಯ ಪ್ರಯತ್ನ ನನ್ನ ಮಗಳದ್ದು. ಇನ್‌ಸ್ಟಂಟ್ ಪುಡಿ, ಸಕ್ಕರೆ, ತಣ್ಣನೆಯ ಹಾಲು, ಐಸ್ ಎಲ್ಲವನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದಳು. ಮುಂಬಯಿಯ ಕಾಲೇಜು ಕ್ಯಾಂಟೀನುಗಳಲ್ಲಿ ‘ಕೋಲ್ಡ್ ಕಾಫಿ’ ಎಂದರೆ ಇದೇ. ಇನ್‌ಸ್ಟಂಟ್ ಪುಡಿಯನ್ನು ತಣ್ಣೀರಿನಲ್ಲಿ ಕುಲುಕಿದರೆ ನೊರೆ ಏಳುತ್ತದೆ ಎಂಬುದನ್ನು ಗ್ರೀಸ್ ದೇಶದವರು 1957ರಲ್ಲಿ ಥೆಸಲೊನಿಕಿಯ ವ್ಯಾಪಾರ ಮೇಳದಲ್ಲಿ ಕಂಡುಕೊಂಡು ಅದಕ್ಕೆ ಫ್ರಾಪೆ ಎಂದು ಹೆಸರಿಟ್ಟರು. ಮಕ್ಕಳಿಗೆ ಅದು ಪ್ರಿಯ, ಐದು ನಿಮಿಷದ ಕೆಲಸ, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ನಮ್ಮದು ತಬೇಲೆಯ ಎಮ್ಮೆ ಹಾಲು. ಮಿಕ್ಸಿಯಲ್ಲಿ ಎರಡು ನಿಮಿಷ ತಿರುಗಿದ್ದೇ ತಡ, ಬೆಣ್ಣೆಯ ಕಾಳು ಕಾಳು ಮೇಲೆ ತೇಲಿ ಬಂತು. ಅಪ್ಪಯ್ಯ ಮೊಮ್ಮಗಳ ಮನಸ್ಸಿಗೆ ನೋವಾಗಬಾರದೆಂದು ಅರ್ಧ ಲೋಟ ಕುಡಿದರು. ರಾತ್ರಿ ನನ್ನನ್ನು ಕರೆದು, “ಹೆಣ್ಣೇ, ನನಗೆ ಹಾಲು ಕುಡಿಯುವ ಆಸೆ ಇಲ್ಲ” ಎಂದು ಮೆಲ್ಲಗೆ ಹೇಳಿದರು.

ಆಮೇಲೆ ಕೋಲ್ಡ್ ಬ್ರೂ. ಪುಡಿಯನ್ನು ತಣ್ಣೀರಿನಲ್ಲಿ ಹನ್ನೆರಡರಿಂದ ಹದಿನೆಂಟು ಗಂಟೆ ನೆನೆಸಿಟ್ಟು ಸೋಸುವುದು, ಬೆಂಕಿಯ ಕೆಲಸವೇ ಇಲ್ಲ. ಕೇಳಲು ಎಷ್ಟು ಸುಲಭ! ಏಪ್ರಿಲ್ 7ರ ರಾತ್ರಿ ಮನೆಯಲ್ಲಿದ್ದ ಫಿಲ್ಟರ್ ಪುಡಿಯನ್ನೇ ಬಾಟಲಿಯಲ್ಲಿ ನೆನೆಹಾಕಿ ಅಡುಗೆ ಮನೆಯ ಕಟ್ಟೆಯ ಮೇಲೆ ಇಟ್ಟೆ. ಮರುದಿನ ಮಧ್ಯಾಹ್ನ ಸೋಸಲು ಹೋದರೆ ಮಲ್ಲು ಬಟ್ಟೆಯಿಂದ ಹನಿಯೂ ಇಳಿಯದು. ನಮ್ಮ ಪುಡಿ ನುಣ್ಣಗಿನದು, ಮೇಲಾಗಿ ಅದರಲ್ಲಿ ಚಿಕೋರಿ ಇದೆ. ಚಿಕೋರಿ ಎಂಬುದು ಹುರಿದ ಬೇರು. ನೀರಿನಲ್ಲಿ ಬೇಗ ಕರಗಿ ಅಂಟಾಗುತ್ತದೆ, ಬಟ್ಟೆಯ ಕಣ್ಣುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಹಿಂಡಿ ಹಿಂಡಿ ತೆಗೆದದ್ದು ಕೆಸರಿನಂತಿತ್ತು. ಮುಂಬಯಿಯ ಏಪ್ರಿಲ್ ಸೆಕೆಯಲ್ಲಿ ರಾತ್ರಿಯಿಡೀ ಹೊರಗೆ ಇದ್ದುದರಿಂದ ಹುಳಿ ವಾಸನೆಯೂ ಬಂದಿತ್ತು. ಬಾಯಲ್ಲಿ ಗಾಯವಿರುವವರಿಗೆ ಅದನ್ನು ಹೇಗೆ ಕೊಡಲಿ, ಚೆಲ್ಲಿದೆ. ಕೋಲ್ಡ್ ಬ್ರೂ ಎಂದರೆ ಕುದಿಸದ ಪಾನೀಯ, ನಮ್ಮ ಊರಿನ ಹವೆಯಲ್ಲಿ ಅದು ಮೊದಲಿನಿಂದ ಕೊನೆಯವರೆಗೂ ಫ್ರಿಜ್‌ನೊಳಗೇ ಆಗಬೇಕು.

ಪುಡಿಗಾಗಿ ಮಾಟುಂಗಕ್ಕೆ ಹೋದೆ. ಮುಲುಂಡಿನಿಂದ ಸ್ಲೋ ಲೋಕಲ್ ಹಿಡಿದರೆ ನೇರ ಇಳಿಯಬಹುದು. ಕಿಂಗ್ಸ್ ಸರ್ಕಲ್ ಕಡೆಗೆ ನಡೆಯುವಾಗ ಹೂವಿನ ಅಂಗಡಿ, ಬಾಳೆ ಎಲೆ, ಹುರಿದ ಕಾಫಿ ಬೀಜದ ವಾಸನೆ. ಎದುರಿಗೇ ಬೀಸಿಕೊಡುವ ಅಂಗಡಿಯಲ್ಲಿ ಚಿಕೋರಿ ಇಲ್ಲದ ಅರೇಬಿಕಾ, ದಪ್ಪ ರವೆಯ ಹಾಗೆ ತರಿಯಾಗಿ ಬೀಸಿಕೊಡಿ ಎಂದೆ. ಕಾಲು ಕಿಲೋಗೆ 290 ರೂಪಾಯಿ ಆಯಿತು. ಪೊಟ್ಟಣದ ಪುಡಿ ಕೊಳ್ಳುವವರು ಲಕೋಟೆಯ ಮೇಲೆ ಚಿಕೋರಿ ಶೇಕಡ ಎಷ್ಟೆಂದು ಓದಿಕೊಳ್ಳಿ. ಅದನ್ನು ಮುದ್ರಿಸಲೇಬೇಕು, 49ಕ್ಕಿಂತ ಹೆಚ್ಚು ಇರುವಂತಿಲ್ಲ ಎಂಬುದು ಕಾನೂನು.

ನೂರು ಗ್ರಾಂ ಪುಡಿಗೆ ಎಂಟು ನೂರು ಮಿಲಿಲೀಟರ್ ನೀರು, ಫ್ರಿಜ್‌ನಲ್ಲಿ ಹದಿನೆಂಟು ಗಂಟೆ. ಈ ಸಲ ಸರಾಗವಾಗಿ ಇಳಿಯಿತು. ಪುಡಿ ತನ್ನ ಎರಡರಷ್ಟು ತೂಕದ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೈಗೆ ಸಿಕ್ಕಿದ್ದು ಆರು ನೂರು. ಅಷ್ಟೇ ನೀರು ಅಥವಾ ಹಾಲು ಬೆರೆಸಿ ಕುಡಿಯಬೇಕಾದ ಗಟ್ಟಿ ರಸ ಅದು. ನನ್ನ ಮಗಳು ಬೆರೆಸದೆಯೇ ಲೋಟ ತುಂಬ ಕುಡಿದು ರಾತ್ರಿ ಮೂರರವರೆಗೆ ಎದ್ದಿದ್ದಳು. ತಣ್ಣಗಿರುವುದು, ಕಹಿಯಿಲ್ಲದ್ದು, ಗಟಗಟನೆ ಇಳಿಯುತ್ತದೆ. ಒಳಗಿನ ಕೆಫೀನ್ ಮಾತ್ರ ಇದ್ದೇ ಇರುತ್ತದೆ. ಆರೋಗ್ಯವಂತರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಎಂಬ ಮಿತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ.

ಏಪ್ರಿಲ್ 12ಕ್ಕೆ ಎರಡನೆಯ ಕಂತು, ಮತ್ತೆ ಮೂರು ಹಲ್ಲು. 13ರ ಸಂಜೆ ಆ ಕೋಲ್ಡ್ ಬ್ರೂಗೆ ಹಾಲು ಸೇರಿಸಿ, ಎತ್ತರದ ಲೋಟದಲ್ಲಿ ಐಸ್ ಹಾಕಿ, ಗಾಯಕ್ಕೆ ತಾಗದಿರಲೆಂದು ಸ್ಟೀಲಿನ ಸ್ಟ್ರಾ ಇಟ್ಟು ಕೊಟ್ಟೆ. ಅಪ್ಪಯ್ಯ ಪೂರ್ತಿ ಕುಡಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಊರಿಗೆ ಫೋನ್ ಮಾಡಿ ಚಿಕ್ಕಮ್ಮನಿಗೆ ಹೇಳಿದೆ.

15ರ ನಸುಕಿನಲ್ಲಿ ಅವರು ಹಾಲ್‌ನಲ್ಲಿ ದೀಪ ಹಾಕದೆ ಕುಳಿತಿದ್ದರು. ಕೆನ್ನೆಯ ಮೇಲೆ ಅಂಗೈ. ಕಿವಿಯವರೆಗೂ ನೋವು ಹರಿಯುತ್ತಿದೆ ಎಂದರು. ಯಾವ ನೋವನ್ನೂ ಹೇಳಿಕೊಳ್ಳದ ಮನುಷ್ಯ. ಬೆಳಗ್ಗೆ ಒಂಬತ್ತಕ್ಕೇ ವೈದ್ಯರ ಬಾಗಿಲಲ್ಲಿದ್ದೆವು. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದಂತೆ ನಿಲ್ಲಬೇಕು. ಅದು ಕಿತ್ತುಬಂದರೆ ಕೆಳಗಿನ ಎಲುಬು ಗಾಳಿಗೆ ತೆರೆದುಕೊಳ್ಳುತ್ತದೆ. ಇದಕ್ಕೆ ಡ್ರೈ ಸಾಕೆಟ್ ಎನ್ನುತ್ತಾರೆ. ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಸ್ಟ್ರಾ ಹಾಕಿ ಏನಾದರೂ ಕುಡಿದರೇ?” ಹೀರುವಾಗ ಬಾಯೊಳಗೆ ಉಂಟಾಗುವ ಸೆಳೆತಕ್ಕೆ ಆ ಹೆಪ್ಪು ಏಳುತ್ತದಂತೆ. ಮೊದಲ ದಿನ ಕೊಟ್ಟ ಸೂಚನೆಯ ಹಾಳೆಯನ್ನು ನಾನು ಚೀಲದಿಂದ ತೆಗೆದು ನೋಡಿದೆ. ಮುಂಬದಿಯನ್ನು ಎರಡೆರಡು ಸಲ ಓದಿದ್ದೆ. ಸ್ಟ್ರಾ ಬೇಡ, ಜೋರಾಗಿ ಉಗುಳಬೇಡಿ ಎಂಬುದು ಹಿಂಬದಿಯಲ್ಲಿತ್ತು. ದಯವಿಟ್ಟು ಹಾಳೆಯನ್ನು ಮಗುಚಿ ಓದಿ. ಐಸ್ ತುಂಡನ್ನು ಕಡಿಯುವುದೂ ಬೇಡವೆಂದು ಅದೇ ಪುಟದಲ್ಲಿದೆ.

ಗುಳಿಯನ್ನು ತೊಳೆದು ಔಷಧಿಯ ಪಟ್ಟಿ ತುರುಕಿದರು. ಒಂದು ದಿನ ಬಿಟ್ಟು ಒಂದು ದಿನ ಹೋಗಿ ಅದನ್ನು ಬದಲಿಸಬೇಕಾಯಿತು. 22ಕ್ಕೆ ನಿಗದಿಯಾಗಿದ್ದ ಮೂರನೆಯ ಕಂತು 30ಕ್ಕೆ ಹೋಯಿತು. ರೈಲಿನಲ್ಲಿ, ರಿಕ್ಷಾದಲ್ಲಿ, ರಾತ್ರಿ ಮಲಗಿದಾಗ ನನ್ನ ಕಣ್ಣ ಮುಂದೆ ಆ ಸ್ಟೀಲಿನ ಸ್ಟ್ರಾ ಬರುತ್ತಿತ್ತು. ಇನ್ನು ಕಾಫಿಯ ಸುದ್ದಿಯೇ ಬೇಡವೆಂದು ಪುಡಿಯ ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿ ಇಟ್ಟುಬಿಟ್ಟೆ.

17ರಂದು ಪಟ್ಟಿ ಬದಲಿಸಿಕೊಂಡು ಮನೆಗೆ ಬಂದಾಗ ಅಪ್ಪಯ್ಯ ಕೈಸನ್ನೆಯಲ್ಲಿ ಪೆನ್ನು ಕೇಳಿದರು. ಮಾತನಾಡುವಂತಿರಲಿಲ್ಲ. ಆ ದಿನದ ಬಿಲ್ಲನ್ನು ಮಗುಚಿ, ಹೋಟೆಲಿನ ಲೆಕ್ಕದ ಪುಸ್ತಕದಲ್ಲಿ ಬರೆಯುವ ಅದೇ ದುಂಡು ಅಕ್ಷರದಲ್ಲಿ ಬರೆಯತೊಡಗಿದರು. ‘ಪುಡಿ ನಮ್ಮದೇ. ಚಿಕೋರಿ ಇರಲಿ. ಸಕ್ಕರೆ ಬಿಸಿ ಡಿಕಾಕ್ಷನ್ನಿಗೇ. ಹಾಲು ಎಮ್ಮೆಯದು ಬೇಡ, ತೆಳುವಿನದು. ಐಸ್ ನೀರಿನದು ಬೇಡ, ಎರಡನೇ ಡಿಕಾಕ್ಷನ್ನಿನದು. ಎತ್ತರದಿಂದ ಹೊಯ್ಯಿ. ನಿನ್ನ ತಪ್ಪಲ್ಲ.’ ಕೊನೆಯ ಎರಡು ಪದಗಳನ್ನು ಉಳಿದವುಗಳ ಸಾಲಿನಲ್ಲೇ, ಅದೂ ಒಂದು ಅಳತೆಯೋ ಎಂಬಂತೆ ಬರೆದಿದ್ದರು.

ಅಲ್ಲಿಂದ ಮುಂದೆ ನಾನು ಮಾಡಿದ್ದು ಆ ಬಿಲ್ಲಿನ ಹಿಂಬದಿಯಲ್ಲಿ ಇದ್ದುದನ್ನೇ. ವಿವರವಾಗಿ ಹೇಳುತ್ತೇನೆ.

ಶೇಕಡ 20 ಚಿಕೋರಿ ಇರುವ ಫಿಲ್ಟರ್ ಪುಡಿ ನಲವತ್ತು ಗ್ರಾಂ, ಅಂದರೆ ನಮ್ಮ ಮನೆಯ ಚಮಚದಲ್ಲಿ ರಾಶಿ ತುಂಬಿ ನಾಲ್ಕು. ಫಿಲ್ಟರಿನ ಮೇಲಿನ ಪಾತ್ರೆಗೆ ಹಾಕಿ ಮೃದುವಾಗಿ ಒತ್ತಬೇಕು. ಕುದಿ ನಿಂತು ಅರ್ಧ ನಿಮಿಷವಾದ ಇನ್ನೂರು ಮಿಲಿಲೀಟರ್ ನೀರನ್ನು ಸುತ್ತಿಸುತ್ತಾ ಹೊಯ್ದು ಮುಚ್ಚಬೇಕು. ಇಪ್ಪತ್ತು ನಿಮಿಷಕ್ಕೆ ನೂರ ಇಪ್ಪತ್ತರಷ್ಟು ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಅದು ಬಿಸಿಯಿರುವಾಗಲೇ ಮೂರು ಸಣ್ಣ ಚಮಚ ಸಕ್ಕರೆ. ತಣ್ಣನೆಯ ದ್ರವದಲ್ಲಿ ಸಕ್ಕರೆ ಸರಿಯಾಗಿ ಕರಗದು, ತಳದಲ್ಲಿ ಕುಳಿತು ಕೊನೆಯ ಗುಟುಕನ್ನು ಕೆಡಿಸುತ್ತದೆ. ಮೇಲಾಗಿ ತಣ್ಣಗಿನದರಲ್ಲಿ ನಾಲಗೆಗೆ ಸಿಹಿ ಕಡಿಮೆ ತಿಳಿಯುವುದರಿಂದ ಮತ್ತೆ ಮತ್ತೆ ಹಾಕುವಂತಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರ ಮನೆಯಲ್ಲಿ ಇದನ್ನು ಗಮನಿಸಿ, ಅಳೆದೇ ಹಾಕಿ.

ಆಮೇಲೆ ಡಿಕಾಕ್ಷನ್ನನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಾಕಿ, ಅಗಲ ಪಾತ್ರೆಯಲ್ಲಿ ನೀರು, ಐಸ್, ಒಂದು ಮುಷ್ಟಿ ಕಲ್ಲುಪ್ಪು ಬೆರೆಸಿ ಅದರಲ್ಲಿ ಇಳಿಬಿಡಬೇಕು. ಮಧ್ಯೆ ಮಧ್ಯೆ ಅಲ್ಲಾಡಿಸಿದರೆ ಏಳೆಂಟು ನಿಮಿಷದಲ್ಲಿ ತಣ್ಣಗಾಗುತ್ತದೆ. ಐಸ್ ಹೊರಗೇ ಇರುವುದರಿಂದ ಕಾಫಿಗೆ ಒಂದು ಹನಿ ನೀರೂ ಸೇರುವುದಿಲ್ಲ, ಮುಚ್ಚಿರುವುದರಿಂದ ಪರಿಮಳವೂ ಹೋಗುವುದಿಲ್ಲ. ಈ ಉಪಾಯ ಹೋಟೆಲಿನದ್ದು. ಮೇ ತಿಂಗಳಲ್ಲಿ ಕಚೇರಿಯ ಸಾಹೇಬರುಗಳು ಕೋಲ್ಡ್ ಕಾಫಿ ಕೇಳಿದರೆ ಹೀಗೆ ಮಾಡಿ ಕೊಡುತ್ತಿದ್ದರಂತೆ. ಮೂವತ್ತೊಂದು ವರ್ಷದ ಮಾತು, ನಾನು ಒಮ್ಮೆಯೂ ಕೇಳಿರಲಿಲ್ಲ.

ಫಿಲ್ಟರಿನ ಪುಡಿಗೆ ಇನ್ನೊಮ್ಮೆ ನೂರೈವತ್ತು ಮಿಲಿಲೀಟರ್ ಬಿಸಿನೀರು ಹಾಕಿದರೆ ತೆಳ್ಳಗಿನ ಎರಡನೆಯ ಡಿಕಾಕ್ಷನ್ ಸಿಗುತ್ತದೆ. ಅದು ಆರಿದ ಮೇಲೆ ಟ್ರೇಯಲ್ಲಿ ಹೆಪ್ಪುಗಟ್ಟಿಸಿ. ಕರಗಿದರೂ ಕಾಫಿಯೇ ಆಗುವ ಐಸ್ ಅದು. ಹಾಲಿಗೆ ಶೇಕಡ 3 ಕೊಬ್ಬಿನ ಟೋನ್ಡ್ ಹಾಲು ಸರಿ. ಕಾಯಿಸಿ, ತಣಿಸಿ, ಕೆನೆ ಸೋಸಿ ಫ್ರಿಜ್‌ನಲ್ಲಿಡಿ. ಎಮ್ಮೆ ಹಾಲಿನ ಕೊಬ್ಬು ತಣ್ಣಗಾದಾಗ ಅಂಗುಳಕ್ಕೆ ಅಂಟಿಕೊಂಡು ಕಾಫಿಯ ರುಚಿಯನ್ನೇ ಮುಚ್ಚುತ್ತದೆ.

ಒಬ್ಬರಿಗೆ ಡಿಕಾಕ್ಷನ್ ನಲವತ್ತು, ಹಾಲು ನೂರು ಮಿಲಿಲೀಟರ್, ಕಾಫಿ ಐಸ್ ಎರಡು ತುಂಡು. ಮುಚ್ಚಳದ ಡಬ್ಬಿಯಲ್ಲಿ ಹತ್ತು ಸಲ ಕುಲುಕಿ, ಜಾಲರಿಯಲ್ಲಿ ಸೋಸಿ ಐಸ್ ಚೂರುಗಳನ್ನು ಬೇರ್ಪಡಿಸಿ, ಲೋಟ-ಬಟ್ಟಲಿನಲ್ಲಿ ಎತ್ತರದಿಂದ ಎರಡು ಸಲ ಹೊಯ್ದರೆ ನೊರೆ ನಿಲ್ಲುತ್ತದೆ. ಬಾಯಿ ಚೆನ್ನಾಗಿರುವವರಿಗೆ ಸೋಸುವ ಅಗತ್ಯವಿಲ್ಲ.

21ರ ಸಂಜೆ ನಾಲ್ಕಕ್ಕೆ ಸ್ಟೀಲ್ ಲೋಟದಲ್ಲಿ ಕೊಟ್ಟೆ. ಹೊರಮೈ ಬೆವರಿತ್ತು. ಅಪ್ಪಯ್ಯ ಮೊದಲು ಮೂಸಿದರು. ಒಂದು ಗುಟುಕು, ಸ್ವಲ್ಪ ತಡೆದು ಇನ್ನೊಂದು. “ಇದು ಕಾಫಿ ಮಾರಾಯ್ತಿ” ಎಂದರು. ಸೊಟ್ಟಗಾದ ಬಾಯಿಯಿಂದ ಆ ಮಾತು ಸ್ಪಷ್ಟವಾಗಿ ಬರಲಿಲ್ಲ, ನನಗೆ ಅರ್ಥವಾಯಿತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ 26ರಿಂದ ಅದೇ ಪುಡಿ, ಅದೇ ಅಳತೆ, ಅದೇ ಹಾಲು, ಕಾಫಿ ಮಾತ್ರ ಸತ್ತಂತೆ ಆಯಿತು. ಕಹಿಯೂ ಇಲ್ಲ, ಹುಳಿಯೂ ಇಲ್ಲ, ಸುಣ್ಣದ ಗೋಡೆ ನೆಕ್ಕಿದ ಹಾಗೆ. ಪುಡಿ ಹಳೆಯದಾಯಿತೆಂದು ಹೊಸದು ತಂದೆ. ಫಿಲ್ಟರನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಹಾಲು ಬದಲಿಸಿದೆ. ಒಂದು ವಾರ ಹೀಗೆ ಹೋಯಿತು, 30ಕ್ಕೆ ಮೂರನೆಯ ಕಂತಿನ ಹಲ್ಲುಗಳೂ ಹೋದವು, ಅಪ್ಪಯ್ಯ ಮತ್ತೆ ಲೋಟವನ್ನು ಅರ್ಧಕ್ಕೇ ಕೆಳಗಿಡತೊಡಗಿದರು. ಮೇ 5ರಂದು ಮತ್ತೆ ಮಾಟುಂಗಕ್ಕೆ ಹೋಗಿ ಅಂಗಡಿಯ ಹಿರಿಯರ ಮುಂದೆ ಸ್ವಲ್ಪ ಸಿಟ್ಟಿನಿಂದಲೇ ಹೇಳಿದೆ. ಅವರು ಬೀಸುವ ಯಂತ್ರ ನಿಲ್ಲಿಸಿ ಕೇಳಿದರು: “ನೀರು ಬದಲಾಯಿತೇನಮ್ಮ?”

ಬದಲಾಗಿತ್ತು. ನಮ್ಮ ಕಟ್ಟಡದ ಕೊಳವೆ ಒಡೆದು 25ರಿಂದ ಟ್ಯಾಂಕರಿನ ಬೋರ್‌ವೆಲ್ ನೀರು ಬರುತ್ತಿತ್ತು. ಕುದಿಸಿ ಬಳಸುತ್ತಿದ್ದುದರಿಂದ ರುಚಿಯ ಕಡೆ ನನ್ನ ಗಮನವೇ ಹೋಗಿರಲಿಲ್ಲ. ಮುಂಬಯಿಯ ನಲ್ಲಿಯ ನೀರು ಭಾತ್ಸಾ, ತಾನ್ಸಾ, ವೈತರಣೆಯಂಥ ಜಲಾಶಯಗಳದ್ದು, ಮಳೆನೀರು, ಮೆದು. ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ತೋರಿಸುವ 220 ರೂಪಾಯಿಯ ಟಿಡಿಎಸ್ ಮೀಟರ್ ಕೊಂಡು ನೋಡಿದೆ. ಕೆಳಗಿನ ಮನೆಯವರು ಹಿಡಿದಿಟ್ಟಿದ್ದ ಹಳೆಯ ನಲ್ಲಿ ನೀರು 82 ತೋರಿಸಿತು, ಟ್ಯಾಂಕರಿನದ್ದು 640. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ 500ರವರೆಗೆ ಒಪ್ಪಿತ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ಅಡಗಿಸಿ ಅದನ್ನು ಚಪ್ಪೆ ಮಾಡುತ್ತದೆ. ಬಿಸಿ ಕಾಫಿಯಲ್ಲಿ ಆವಿಯೂ ಪರಿಮಳವೂ ಈ ಕೊರತೆಯನ್ನು ಸ್ವಲ್ಪ ಮರೆಸುತ್ತವೆ. ತಣ್ಣನೆಯದರಲ್ಲಿ ಅದನ್ನು ಮರೆಸುವುದಕ್ಕೆ ಏನೂ ಇಲ್ಲ. ಡಿಕಾಕ್ಷನ್ನಿನಲ್ಲೂ ಐಸಿನಲ್ಲೂ ಅದೇ ನೀರು. ಇಪ್ಪತ್ತು ಲೀಟರಿನ ಕ್ಯಾನ್ ತರಿಸಿದೆ, 90 ರೂಪಾಯಿ. ಆ ಸಂಜೆಯೇ ಕಾಫಿಗೆ ಜೀವ ಬಂತು. ಹಳೆಯ ಐಸನ್ನೆಲ್ಲ ಎಸೆದು ಹೊಸದಾಗಿ ಮಾಡಿಕೊಂಡೆ. ನಿಮ್ಮ ಕಾಫಿ ಇದ್ದಕ್ಕಿದ್ದಂತೆ ಕೆಟ್ಟರೆ ಪುಡಿಯ ಅಂಗಡಿಗೆ ಓಡುವ ಮೊದಲು ನೀರಿನ ತೊಟ್ಟಿಯನ್ನು ವಿಚಾರಿಸಿ.

ಈ ನಡುವೆ ಮಗಳಿಗಾಗಿ ವಿಯೆಟ್ನಾಂ ರೀತಿಯದ್ದನ್ನೂ ಮಾಡಿದೆ. ರೋಬಸ್ಟಾ ಜಾತಿಯ ಬೀಜ ಹೆಚ್ಚಿರುವ ಪುಡಿಯ ಗಟ್ಟಿ ಡಿಕಾಕ್ಷನ್, ಎರಡು ಚಮಚ ಕಂಡೆನ್ಸ್ಡ್ ಮಿಲ್ಕ್, ತುಂಬ ಐಸ್. ಅವರು ಬಳಸುವ ‘ಫಿನ್’ ಎಂಬ ಸೋಸುವ ಪಾತ್ರೆ ನಮ್ಮ ಫಿಲ್ಟರಿನ ತಂಗಿಯಂತಿದೆ; ಹಾಗಾಗಿ ನಮ್ಮ ಡಿಕಾಕ್ಷನ್ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಮಿಕ್ಕಿದ್ದ ಕೋಲ್ಡ್ ಬ್ರೂಗೆ ಎಳನೀರು ಬೆರೆಸಿದ್ದು ನನಗೇ ಹೆಚ್ಚು ಇಷ್ಟವಾಯಿತು. ಹಾಲು ಬೆರೆಸದ ಡಿಕಾಕ್ಷನ್ ಅಥವಾ ಕೋಲ್ಡ್ ಬ್ರೂ ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ಕೆಲವು ದಿನ ಇರುತ್ತದೆ, ಆದರೆ ಡಿಕಾಕ್ಷನ್ನಿನ ರುಚಿ ಮರುದಿನಕ್ಕೇ ಇಳಿಯುತ್ತದೆ. ಹಾಲು ಬೆರೆಸಿದ್ದನ್ನು ಅಂದೇ ಮುಗಿಸಬೇಕು.

ಖರ್ಚನ್ನೂ ಹೇಳಿಬಿಡುತ್ತೇನೆ. ಪುಡಿಗೆ ಒಟ್ಟು 1,240, ಟ್ರೇ, ಮೀಟರ್, ಜಾಲರಿ ಸೇರಿ 600, ನೀರಿನ ಕ್ಯಾನ್ ಆರು, 540. ಹಾಲನ್ನು ಬಿಟ್ಟರೆ 2,380 ರೂಪಾಯಿ. ಹೊರಗೆ ಒಂದು ಲೋಟ ಐಸ್ ಕಾಫಿಗೆ ನನ್ನ ಮಗಳು 280 ಕೊಟ್ಟು ಬರುತ್ತಿದ್ದಳು. ಕಾಗದದ ತೊಂದರೆಯೂ ಒಂದು ಬಂತು. ನನ್ನ ಕಚೇರಿಯಿಂದ ವೈದ್ಯಕೀಯ ವೆಚ್ಚ ಮರಳಿ ಪಡೆಯಲು ಮೂಲ ಬಿಲ್ಲುಗಳನ್ನೇ ಕೊಡಬೇಕಿತ್ತು. ಏಪ್ರಿಲ್ 17ರ ಬಿಲ್ಲಿನ ಹಿಂಬದಿಯನ್ನು ನೋಡಿ ಲೆಕ್ಕದ ವಿಭಾಗದವರು ಬರಹವಿರುವುದನ್ನು ತೆಗೆದುಕೊಳ್ಳುವುದಿಲ್ಲ ಎಂದರು. ನನಗೂ ಅದನ್ನು ಕೊಡುವ ಮನಸ್ಸಿರಲಿಲ್ಲ. ಕ್ಲಿನಿಕ್ಕಿನಿಂದ ಮೊಹರು ಹಾಕಿದ ಎರಡನೆಯ ಪ್ರತಿ ಪಡೆಯಲು ಒಂಬತ್ತು ದಿನ ಬೇಕಾಯಿತು. ಬಿಲ್ಲು ಕೈಗೆ ಬಂದ ದಿನವೇ ಎಲ್ಲವನ್ನೂ ಪ್ರತಿ ಮಾಡಿಸಿ ಬೇರೆ ಲಕೋಟೆಯಲ್ಲಿಡಿ.

ಮೇ 12ಕ್ಕೆ ಕೊನೆಯ ಎರಡು ಹಲ್ಲು. ಆಮೇಲೆ ಏನೂ ತೊಂದರೆಯಾಗಲಿಲ್ಲ. 26ರ ಬೆಳಗ್ಗೆ ಕಾರ್ಮೋಡ, ಮಳೆ. ಎಪ್ಪತ್ತೈದು ವರ್ಷಗಳಲ್ಲೇ ಮುಂಗಾರು ಮುಂಬಯಿಗೆ ಅತಿ ಬೇಗ ಬಂದ ದಿನ ಅದು. ತಪಾಸಣೆ ಇದ್ದುದು ಅಂದೇ. ನೀರು ತುಂಬಿದ ರಸ್ತೆಯಲ್ಲಿ ರಿಕ್ಷಾ ಸಿಗದೆ, ಒಂದೇ ಕೊಡೆಯಲ್ಲಿ ನಡೆದು ಹೋದೆವು. ವೈದ್ಯರು ಒಸಡನ್ನು ಬೆರಳಿನಿಂದ ಒತ್ತಿ ನೋಡಿ, ಬಿಸಿ ಇನ್ನು ಆಗಬಹುದು, ಸೆಟ್ಟಿನ ಅಳತೆಗೆ ಜುಲೈಯಲ್ಲಿ ಬನ್ನಿ ಎಂದರು.

ಮನೆಗೆ ಬಂದು ಒದ್ದೆ ಸೀರೆಯಲ್ಲೇ ಹಾಲು ಕಾಯಲು ಇಟ್ಟೆ. ಅಪ್ಪಯ್ಯ ಅಡುಗೆ ಮನೆಗೆ ಬಂದು, “ನೀನು ಆಚೆ ಸರಿ, ನಾನು ಹೊಯ್ಯುತ್ತೇನೆ” ಎಂದರು. ಡಿಕಾಕ್ಷನ್, ಹಾಲು, ಸಕ್ಕರೆ, ಲೋಟ ಮೇಲೆ, ಬಟ್ಟಲು ಕೆಳಗೆ, ಒಂದು ಮೊಳ ಉದ್ದದ ಎಳೆ, ಒಂದು ಹನಿಯೂ ಹೊರಗೆ ಬೀಳಲಿಲ್ಲ. ಕಿಟಕಿಯ ಹತ್ತಿರ ನಿಂತು ಕುಡಿದರು. ಹಲ್ಲಿಲ್ಲದ ಬಾಯಿಗೆ ಆವಿ ತಾಗಿ ಕಣ್ಣು ಮುಚ್ಚಿದರು. ಫ್ರೀಜರಿನಲ್ಲಿ ಹನ್ನೆರಡು ತುಂಡು ಕಾಫಿ ಐಸ್ ಉಳಿದಿತ್ತು. ಸಂಜೆ ಕಾಲೇಜಿನಿಂದ ನೆನೆದು ಬಂದ ಮಗಳು ಅದಕ್ಕೆ ಹಾಲು ಸುರಿದುಕೊಂಡು, ತಾತ ಬರೆದ ಬಿಲ್ಲನ್ನು ಫ್ರಿಜ್‌ನ ಬಾಗಿಲಿಗೆ ಅಂಟಿಸಿದಳು, ಹಿಂಬದಿ ಮುಂದಾಗಿ.